ಬಾಣಂತಿಯ ಕಿವಿಗೆ ಲೈವ್ ಸಂಗೀತ

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ನನ್ನ ಬಾಣಂತನಕ್ಕೆಂದು ಅವ್ವ ಧಾರವಾಡದಿಂದ ಲಂಡನ್ನಿನ ಹೌನ್ಸ್ಲೋಗೆ ಬಂದಳು. ಸೂಟ್‌ಕೇಸಿನ ತುಂಬ ಅಂಟಿನುಂಡೆ, ಬಜೆ, ಲೋಬಾನ. ಬಂದ ಮರುದಿನವೇ ಕೂಸಿಗೆ ಲೋಬಾನದ ಹೊಗೆ ಹಾಕಲು ಹೋಗಿ, ಫ್ಲ್ಯಾಟಿನ ಹೊಗೆ ಅಲಾರಂ ಕೂಗಿಸಿ, ಅಕ್ಕಪಕ್ಕದವರೆಲ್ಲ ಮೆಟ್ಟಿಲಿಗೆ ಓಡಿ ಬರುವಂತೆ ಮಾಡಿದಳು. “ಮನ್ಯಾಗ ಕೂಸ ಹುಟ್ಟೇದ, ಅಷ್ಟೂ ತಿಳಿಯೂದಿಲ್ಲೇನು ಇದಕ್ಕ?” ಎಂದು ಅಲಾರಮಿಗೇ ಬೈದಳು.

ಇಂಥ ಗಟ್ಟಿ ಬಾಯಿಯ ಅವ್ವ ಹಾಡಲು ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಮದುವೆಗೆ ಮುಂಚೆ ಗುರುಗಳ ಹತ್ತಿರ ಹಿಂದುಸ್ತಾನಿ ಕಲಿತವಳು. ಆದರೆ ಹಬ್ಬದ ಆರತಿಯ ಹೊತ್ತಿಗೆ ಯಾರಾದರೂ ಒಂದು ಹಾಡು ಹೇಳು ಅಂದರೆ ಅಡುಗೆಮನೆ ಸೇರಿಬಿಡುತ್ತಿದ್ದಳು. ನಮಗೆ ಜೋಗುಳ ಕೂಡ ಹಾಡಲಿಲ್ಲ, ಬೆನ್ನು ತಟ್ಟಿ ಮಲಗಿಸಿದಳು. ಕೇಳಿದರೆ “ದನಿ ಇಲ್ಲ” ಎನ್ನುವಳು. ಮೊಮ್ಮಗಳಿಗಾದರೂ ಹಾಡಿಯಾಳೆಂದು ನನಗೆ ಬಹಳ ಆಸೆಯಿತ್ತು.

ನನ್ನ ಗಂಡನಿಗೆ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಕೂಸಿಗೋ ರಾತ್ರಿಯೇ ಹಗಲು. ಹಾಗಾಗಿ ಪ್ರತಿ ಶುಕ್ರವಾರ ರಾತ್ರಿ, ಪಬ್ಬುಗಳು ಮುಚ್ಚುವ ಹೊತ್ತಿಗೆ, ನಾವು ಮೂವರು ಹೆಂಗಸರು ಟಿವಿ ಮುಂದೆ ಹಾಜರು. ಆಗ ಲೈವ್ ಸಂಗೀತದ ಕಾರ್ಯಕ್ರಮ ಬರುತ್ತಿತ್ತು. ಒಂದು ದೊಡ್ಡ ಸ್ಟುಡಿಯೋ, ನಾಲ್ಕೈದು ತಂಡ, ಸುತ್ತ ಜನ. ನನ್ನ ಎರಡೂ ಕಿವಿಗೆ ಅವ್ವ ತುರುಕಿದ ಹತ್ತಿ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದಂತೆ, ಗಿಟಾರು ಹೋದರೆ ಅಡ್ಡಿಯಿಲ್ಲ! ತೆಗೆದೆನೋ, ಬೈಗುಳ.

ಅವ್ವನಿಗೆ ಹಾಡಿಗಿಂತ ಮೊದಲು ಹಾಡುವವರ ಕೆದರಿದ ತಲೆ ಕಾಣಿಸುತ್ತಿತ್ತು. “ಇಷ್ಟ ಮಂದಿ ಮುಂದ ಬರೂ ಮುಂದ ಒಮ್ಮೆ ಹಣಗಿ ಆಡಿಸ್ಲಿಕ್ಕೆ ಏನಾಗಿತ್ತು ಇವಗ?” ಆದರೂ ಡ್ರಮ್ಮಿನವನ ಲಯಕ್ಕೆ ಸರಿಯಾಗಿ ಅವಳ ಕೈ ಕೂಸಿನ ಬೆನ್ನು ತಟ್ಟುತ್ತಿತ್ತು. ಇದನ್ನು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದಾರೆ ಎಂದು ತಿಳಿದಿದ್ದಳು ಅವಳು.

“ಇಲ್ಲವ್ವಾ, ಈಗ ನಡೀಲಿಕ್ಕತ್ತದ” ಎಂದೆ.

“ತಪ್ಪಿದ್ರ?”

“ತಪ್ಪಿದ್ದ ಎಲ್ಲಾರಿಗೂ ಕೇಳಸ್ತದ.”

ಅವ್ವ ಅವತ್ತು ಮತ್ತೆ ಯಾರ ಕೂದಲಿನ ಮಾತನ್ನೂ ಎತ್ತಲಿಲ್ಲ.

ಒಂದೆರಡು ವಾರ ಕಳೆದಿರಬೇಕು. ಬರಿಗಾಲಿನ ಹುಡುಗಿಯೊಬ್ಬಳು ಪಿಯಾನೋ ಮುಂದೆ ಕೂತು ಹಾಡುತ್ತಿದ್ದಳು. ಮೇಲಿನ ಸ್ವರಕ್ಕೆ ಹೋದವಳ ದನಿ ಫಟ್ಟನೆ ಒಡೆಯಿತು. ಹುಡುಗಿ ನಿಲ್ಲಿಸಿದಳು. ಅವ್ವನ ಕೈಯೂ ಕೂಸಿನ ಬೆನ್ನ ಮೇಲೆ ನಿಂತಿತು. ಹುಡುಗಿ ನಕ್ಕು, ಸಾರಿ ಅಂದು, ಮೊದಲಿನಿಂದ ಶುರು ಮಾಡಿದಳು. ಜನ ಚಪ್ಪಾಳೆ ತಟ್ಟಿದರು. ಈ ಸಲ ಆ ಸ್ವರ ಸಲೀಸಾಗಿ ಬಂತು.

ಹಾಡು ಮುಗಿದ ಮೇಲೆ ಅವ್ವ ಟಿವಿಯ ಕಡೆ ನೋಡುತ್ತಲೇ ಹೇಳಿದಳು. “ನಂದೂ ಹಿಂಗ ಆಗಿತ್ತು, ರೇಡಿಯೋದಾಗ. ಆವಾಗ ನೇರ ಹಾಡಬೇಕಾಗ್ತಿತ್ತು. ಮ್ಯಾಲಿನ ತಾರ ಷಡ್ಜಕ್ಕ ದನಿ ಒಡೀತು, ಅಲ್ಲೇ ನಿಂತಬಿಟ್ಟೆ. ಓಣಿ ತುಂಬ ರೇಡಿಯೋ ಹಚ್ಕೊಂಡ ಕೂತಿದ್ರು. ಮರುದಿನ ನೀರಿಗೆ ಹೋದ್ರ ನಳದ ಮುಂದ ಹೆಂಗಸ್ರು ಬಾಯಿಗೆ ಸೆರಗ ಹಿಡದು ನಕ್ರು.”

ನನಗೆ ಸಿಟ್ಟು ನೆತ್ತಿಗೇರಿತು. ಆಗಿಂದಾಗಲೇ ವಿಮಾನ ಹತ್ತಿ ಹೋಗಿ ಆ ಹೆಂಗಸರ ಕೊಡಗಳನ್ನೆಲ್ಲ ಉರುಳಿಸಿ ಬರಬೇಕೆನಿಸಿತು. ಅವ್ವನಿಗೆ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

“ಮತ್ತ ಶುರು ಮಾಡಬಹುದು ಅಂತ ನನಗ ಹೊಳೀಲೇ ಇಲ್ಲ ನೋಡು” ಎಂದಳು.

ನಾನು ಟಿವಿ ಆರಿಸಿದೆ. ಕೂಸು ಅಳಲು ಶುರು ಮಾಡಿತು. ಅವ್ವ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಮೊದಲು ಮೂಗಿನಲ್ಲೇ ಗುನುಗಿದಳು. ಆಮೇಲೆ ಬಾಯಿ ತೆರೆದಳು. ಹತ್ತಿಯ ಆಚೆಯಿಂದ ಅವ್ವನ ದನಿ ದೂರದಲ್ಲೆಲ್ಲೋ ಕೇಳಿದಂತೆ ಕೇಳಿಸಿತು. ಮೆಲ್ಲಗೆ ಮೇಲೇರಿತು, ತಾರ ಷಡ್ಜ ಮುಟ್ಟಿತು, ಒಡೆಯಿತು.

ಅವ್ವ ಕೂಸಿನ ಮುಖ ನೋಡಿದಳು. ಅದು ಅಳು ಮರೆತು ಇವಳನ್ನೇ ನೋಡುತ್ತಿತ್ತು.

“ಸಾರಿ” ಎಂದು ಅದಕ್ಕೆ ಹೇಳಿ, ನಕ್ಕು, ಅವ್ವ ಮೊದಲಿನಿಂದ ಶುರು ಮಾಡಿದಳು.

ನಾನು ಎರಡೂ ಕಿವಿಯ ಹತ್ತಿ ತೆಗೆದೆ. ಅವ್ವ ನೋಡಿದಳು, ಬೈಯಲಿಲ್ಲ.