ದೇವರ ಗೂಳಿ ಮತ್ತು ಕಮಲಾಬಾಯಿಯ ಕೈಗುಣ

ಕೊರೊನಾ ಬರುವುದಕ್ಕೆ ಎರಡು ವರ್ಷ ಮುಂಚೆ ನಾನು ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಶು ವೈದ್ಯಾಧಿಕಾರಿಯಾಗಿದ್ದೆ. ಹುಟ್ಟಿ ಬೆಳೆದದ್ದು ಬಸವಕಲ್ಯಾಣದಲ್ಲಿ, ಹಾಗಾಗಿ ಈ ಭಾಗದ ಜನರೂ ದನಗಳೂ ನನಗೆ ಹೊಸಬರಲ್ಲ. ಸರ್ವಿಸಿನಲ್ಲಿ ನೋಡಿದ ಎಷ್ಟೋ ಕೇಸುಗಳು ಮರೆತುಹೋಗಿವೆ. ಘಾಟಬೋರಾಳದಾಚೆಯ ಒಂದು ಊರಿನದು ಮಾತ್ರ ನಿವೃತ್ತಿಯಾದ ಮೇಲೂ ಹೊಟ್ಟೆ ಉರಿಸುತ್ತದೆ. ಊರಿನ ಹೆಸರು ಹೇಳುವುದಿಲ್ಲ. ಜನರ ಹೆಸರನ್ನೂ ಬದಲಿಸಿದ್ದೇನೆ.

ಆ ಊರಿನಲ್ಲಿ ದೇವರಿಗೆ ಬಿಟ್ಟ ಗೂಳಿಯೊಂದಿತ್ತು. ದೇವಣಿ ತಳಿ, ಬಿಳಿ ಮೈಮೇಲೆ ಕಪ್ಪು ಮಚ್ಚೆ, ನೋಡಲು ಬಲು ಚೆಂದ. ಯಾರ ಹೊಲಕ್ಕೆ ನುಗ್ಗಿದರೂ ಕೈಮುಗಿಯುತ್ತಿದ್ದರೇ ಹೊರತು ಬೈಯುತ್ತಿರಲಿಲ್ಲ. ಅದು ಮುದಿಯಾದರೆ ಅದಕ್ಕೇ ಹುಟ್ಟಿದ ಹೋರಿಗರುಗಳಲ್ಲಿ ಒಂದನ್ನು ಆರಿಸಿ ಮತ್ತೆ ದೇವರಿಗೆ ಬಿಡುವುದು ರೂಢಿ. ಹೊರಗಿನ ಗೂಳಿ ತಂದರೆ ದೇವರ ವಂಶ ಕಡಿದಂತೆ ಎಂದು ನಂಬಿದ್ದರು. ಕೃತಕ ಗರ್ಭಧಾರಣೆ ಮಾಡಲು ನಾನು ವೀರ್ಯದ ಕಡ್ಡಿಗಳಿದ್ದ ನೈಟ್ರೋಜನ್ ಕ್ಯಾನ್ ಹೊತ್ತು ಹೋದರೆ, ಚಹಾ ಕುಡಿಸಿ ಮರ್ಯಾದೆಯಿಂದ ವಾಪಸು ಕಳಿಸುತ್ತಿದ್ದರು.

ಆಕಳು ಈಯುವಾಗ ತೊಡಕಾದರೆ ಊರವರು ಮೊದಲು ಕರೆಯುತ್ತಿದ್ದದ್ದು ಕಮಲಾಬಾಯಿಯನ್ನು. ಕೂಲಿ ಮಾಡುವ ದಲಿತ ಬೌದ್ಧರ ಮನೆಯ ಹೆಣ್ಣುಮಗಳು. ಬೇರೆ ದಿನ ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿಸುವವರು ಆ ಹೊತ್ತಿಗೆ ಕೊಟ್ಟಿಗೆಯೊಳಗೆ ಕರೆಯುತ್ತಿದ್ದರು. ಆಕೆಯ ಕೈಲೂ ಆಗದಿದ್ದರೆ ನನಗೆ ಫೋನು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ವೀರಶೆಟ್ಟಪ್ಪ ಪಾಟೀಲರ ಮನೆಯಿಂದ ಫೋನು ಬಂತು. ಊರಿಗೆ ಹಿರಿಯರು, ದೇವಸ್ಥಾನದ ಪಂಚರಲ್ಲಿ ಒಬ್ಬರು. ನಾನು ಹೋದಾಗ ಆಕಳು ನೆಲ ಕಚ್ಚಿ ಮಲಗಿತ್ತು. ಒಳಗಿದ್ದ ಕರು ಸತ್ತಿತ್ತು. ನಾಲ್ಕೂ ಕಾಲು ಮಡಚಿ ಕೀಲುಗಳು ಬಿಗಿದುಹೋಗಿದ್ದವು. ಅಂಥ ಕರುವನ್ನು ತಿರುಗಿಸಲು ಯಾರಿಂದಲೂ ಆಗದು. ಒಳಗೇ ತುಂಡು ಮಾಡಿ ತೆಗೆದೆ. ಆಕಳೂ ಉಳಿಯಲಿಲ್ಲ.

ಆಮೇಲೆ ಇನ್ನೊಂದು ಮನೆ, ಮತ್ತೊಂದು ಮನೆ, ಅದೇ ಕಥೆ. ಎಲ್ಲ ಕಡೆಯೂ ಕಮಲಾಬಾಯಿ ಇದ್ದಳು. ಇರದೆ ಏನು, ತೊಡಕಿದ್ದಲ್ಲಿಗೇ ತಾನೆ ಆಕೆಯನ್ನು ಕರೆಯುತ್ತಿದ್ದದ್ದು? ಊರವರಿಗೆ ಅಷ್ಟೇ ಸಾಕಾಯಿತು. ಆಕೆಯ ಕೈಗುಣ ಕೆಟ್ಟಿದೆ, ಮುಟ್ಟಿದ ಬಸಿರು ಹಾಳಾಗುತ್ತದೆ ಎಂದರು. ಕೊಟ್ಟಿಗೆಗೆ ಬಿಡುವುದನ್ನು ನಿಲ್ಲಿಸಿದರು, ಆಮೇಲೆ ಕಳೆ ತೆಗೆಯಲು ಕರೆಯುವುದನ್ನೂ ನಿಲ್ಲಿಸಿದರು. ಬಸುರಿಯರು ಆಕೆ ಬರುವ ದಾರಿ ಬಿಟ್ಟು ನಡೆಯತೊಡಗಿದರು.

ನಾನು ಮೇವು ನೋಡಿದೆ, ನೀರು ನೋಡಿದೆ, ವೈರಸ್ ಇರಬಹುದೆಂದು ಸ್ಯಾಂಪಲ್ ಕಳಿಸಿದೆ. ಏನೂ ಸಿಗಲಿಲ್ಲ. ಪಕ್ಕದ ಲಂಬಾಣಿ ತಾಂಡಾದ ದನಗಳು ಅದೇ ಗಾಯರಾಣದಲ್ಲಿ, ಅಂದರೆ ಗೋಮಾಳದಲ್ಲಿ, ಮೇಯುತ್ತಿದ್ದವು. ಅವರು ನನ್ನಿಂದ ಗರ್ಭಧಾರಣೆ ಮಾಡಿಸುತ್ತಿದ್ದರು, ಅಲ್ಲಿ ಒಂದು ಕರುವೂ ಕೆಟ್ಟಿರಲಿಲ್ಲ. ಆಗ ಗೂಳಿಯ ವಂಶ ವಿಚಾರಿಸಿದೆ. ಅಜ್ಜ, ಅಪ್ಪ, ಮಗ, ಮೂರೂ ತಲೆಮಾರು ಇದೇ ಊರಿನ ಆಕಳುಗಳ ಮೇಲೆ. ತಾನೇ ಹುಟ್ಟಿಸಿ ಪ್ರಾಯಕ್ಕೆ ಬಂದ ಹೆಣ್ಣುಗರುಗಳಿಗೂ, ಅಂದರೆ ಮಣಕಗಳಿಗೂ, ಅದೇ ಗೂಳಿ. ಇದನ್ನು ಇನ್‌ಬ್ರೀಡಿಂಗ್ ಅನ್ನುತ್ತೇವೆ. ಕೆಲವು ಕೆಟ್ಟ ಜೀನ್‌ಗಳು ಅಪ್ಪನಿಂದಲೋ ಅವ್ವನಿಂದಲೋ ಒಂದೇ ಕಡೆಯಿಂದ ಬಂದರೆ ತೆಪ್ಪಗಿರುತ್ತವೆ. ಎರಡೂ ಕಡೆಯಿಂದ ಬಂದಾಗ ಮಾತ್ರ ಕರು ಕೆಡುತ್ತದೆ. ಒಂದೇ ರಕ್ತ ಕೂಡಿದಷ್ಟೂ ಹಾಗಾಗುವ ಸಂಭವ ಹೆಚ್ಚು.

ದೇವಸ್ಥಾನದ ಕಟ್ಟೆಯ ಮೇಲೆ ಜನ ಸೇರಿದಾಗ ಇದನ್ನೇ ಬಿಡಿಸಿ ಹೇಳಿದೆ. ನನಗೆ ಸಿಟ್ಟು ಬೇಗ.

"ಲಗ್ನ ಮಾಡೂ ಮುಂದ ಬೆಡಗು, ಗೋತ್ರ ನೋಡ್ತೀರಿ. ಒಂದಾ ಬೆಡಗು ಇದ್ದರ ಅಣ್ಣ-ತಂಗಿ ಅಂತೀರಿ. ಆಕಳಿಗಿ ಮಾತ್ರ ಹಡೆದಪ್ಪನ್ನೇ ಕಟ್ಟಾಕತ್ತೀರಿ. ಇದರಾಗ ಆ ಹೆಣ್ಮಗಳದು ಏನ್ ತಪ್ಪದ?"

ಎಲ್ಲರೂ ಪಾಟೀಲರ ಮುಖ ನೋಡಿದರು. ಅವರು ಶಲ್ಯ ಕೊಡವಿಕೊಂಡು ಎದ್ದು ಹೋದರು.

ಮರುದಿನ ಬೆಳಿಗ್ಗೆ ಒಬ್ಬರೇ ನನ್ನ ಆಸ್ಪತ್ರೆಗೆ ಬಂದರು. ಬೆಂಚಿನ ಮೇಲೆ ಕೂತು ಕೇಳಿದರು: "ಡಾಕ್ಟರ್ ಸಾಬ್, ಮನುಷ್ಯಾರಿಗೂ ಹಿಂಗಾ ಆಗ್ತದೇನ್ರಿ?"

ನನಗೆ ಆಗ ಹೊಳೆಯಿತು. ಅವರು ತಮ್ಮ ಮಗಳ ಮಗಳನ್ನೇ ಕಿರಿಯ ಮಗನಿಗೆ ತಂದುಕೊಂಡಿದ್ದರು. ಬೆಡಗು ಬೇರೆ, ಆದ್ದರಿಂದ ಶಾಸ್ತ್ರಕ್ಕೆ ಅಡ್ಡಿಯಿಲ್ಲ. ಆದರೆ ರಕ್ತ ಹತ್ತಿರದ್ದೇ. ಆ ಗಂಡ-ಹೆಂಡಿರ ಮಗುವಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಪ್ರತಿ ಸಲ ಆಗುವುದಿಲ್ಲ, ಆಗುವ ಸಂಭವ ಹೆಚ್ಚು, ನಾನು ದನದ ಡಾಕ್ಟರ್, ಮಗುವನ್ನು ಕಲಬುರಗಿಗೆ ಒಯ್ದು ತೋರಿಸಿ ಎಂದೆ. ಪಾಟೀಲರ ಕಣ್ಣು ತುಂಬಿದ್ದವು. ಅವರ ಮೇಲೆ ನನಗೆ ಕನಿಕರವೇ ಬಂತು.

"ಕಟ್ಟಿ ಮ್ಯಾಲ ಮತ್ತ ಈ ಮಾತು ತೆಗಿಬ್ಯಾಡ್ರಿ. ಸೊಸಿ ಕಿವಿಗಿ ಬಿದ್ರ ಆಕಿ ಜೀವಾ ಇಟ್ಕೊಳ್ಳಂಗಿಲ್ಲ" ಎಂದರು.

"ಮತ್ತ ಕಮಲಾಬಾಯಿ?"

"ಆಕೀದು ನಾ ನೋಡ್ಕೋತೀನಿ."

ನೋಡಿಕೊಂಡರು. ಹುಮನಾಬಾದಿನ ಒಂದು ಖಾನಾವಳಿಯಲ್ಲಿ ಭಾಂಡೆ ತಿಕ್ಕುವ ಕೆಲಸ ಗೊತ್ತುಮಾಡಿ, ತಮ್ಮದೇ ಟೆಂಪೋದಲ್ಲಿ ಸಾಮಾನು ಹೇರಿಸಿ ಕಳಿಸಿಕೊಟ್ಟರು. ಕಟ್ಟೆಯ ಮೇಲೆ ಕೂತು ಆಕೆಯದೇನೂ ತಪ್ಪಿಲ್ಲ ಎಂಬ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಕಾರಣ ಏನೆಂದು ಜನ ಕೇಳುತ್ತಿದ್ದರು, ರಕ್ತದ ಮಾತು ಅವರ ಮನೆ ಬಾಗಿಲಿಗೇ ಬರುತ್ತಿತ್ತು.

ಆದರೆ ಗೂಳಿಗೆ ವಯಸ್ಸಾಯಿತೆಂದು ನೆವ ಹೇಳಿ ದೇವಸ್ಥಾನದ ಅಂಗಳದಲ್ಲಿ ಕಟ್ಟಿಸಿದರು. ತಮ್ಮ ಆಕಳುಗಳನ್ನು ಹೊಲದ ಮನೆಗೆ ಹೊಡೆಸಿ ಅಲ್ಲಿ ನನ್ನಿಂದ ಗರ್ಭಧಾರಣೆ ಮಾಡಿಸಿದರು. ಪಾಟೀಲರೇ ಮಾಡಿಸಿದ ಮೇಲೆ ಊರೂ ಹಿಂದೆ ಬಂತು. ಮುಂದಿನ ವರ್ಷ ಹುಟ್ಟಿದ ಕರುಗಳು ತಾಯಿ ನೆಕ್ಕಿ ಮುಗಿಸುವ ಮೊದಲೇ ಎದ್ದು ನಿಂತವು. ಕೆಲಸ ಸಾರ್ಥಕವಾಯಿತೆಂದು ನಾನು ಹಿಗ್ಗಿದೆ. ಕಟ್ಟೆಯ ಮೇಲೆ ಜನ ಹೇಳುತ್ತಿದ್ದದ್ದೇ ಬೇರೆ: "ಆಕಿ ಹೋದ್ಲು, ಊರಿನ ಪೀಡಾ ಹೋತು ನೋಡ್ರಿ." ಅದು ಹಾಗಲ್ಲ ಎಂದು ನಾನು ಎಷ್ಟು ಬಡಕೊಂಡರೂ ನಕ್ಕರು. ನೀವಾದರೂ ಹೇಳಿ ಎಂಬಂತೆ ಪಾಟೀಲರನ್ನು ನೋಡಿದೆ. ಅವರು ಅಡಿಕೆ ಕತ್ತರಿಸುತ್ತಾ ತಲೆ ತಗ್ಗಿಸಿದರು.

ಕೆಲವು ತಿಂಗಳ ನಂತರ ಹುಮನಾಬಾದಿನಲ್ಲಿ ಆ ಖಾನಾವಳಿಗೆ ಹೋದೆ. ಕಮಲಾಬಾಯಿ ಕೈ ಒರೆಸಿಕೊಂಡು ಹೊರಗೆ ಬಂದಳು. ಊರಿನವರ ಸುದ್ದಿ ಕೇಳಲಿಲ್ಲ, ಕರು ಹೇಗೆ ಹುಟ್ಟುತ್ತಿವೆ ಎಂದಳು. ಚೆನ್ನಾಗಿ ಹುಟ್ಟುತ್ತಿವೆ ಎಂದುಬಿಟ್ಟೆ.

"ಹಂಗಾರ ಮಂದಿ ಅಂದದ್ದು ಖರೇನ ಅದ ಸಾಬ್" ಎಂದಳು.

ಅಲ್ಲೇ ಬಾಗಿಲ ಬಳಿ ನಿಂತು ಗೂಳಿ, ರಕ್ತ, ವಂಶ ಎಲ್ಲವನ್ನೂ ಮತ್ತೆ ಮತ್ತೆ ಹೇಳಿದೆ. ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದೆ. ನನಗೆ ಬೇಜಾರಾಗಬಾರದೆಂದು ಎಲ್ಲದಕ್ಕೂ ಹೂಂ ಹೂಂ ಎಂದಳು. ಕೊನೆಗೆ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಮೆಲ್ಲಗೆ ಹೇಳಿದಳು: "ನನ್ನ ಮಗಳಿಗಿ ದಿನಾ ತುಂಬ್ಯಾವ್ರಿ. ಚಿಟಗುಪ್ಪಕ್ಕ ಬಾ ಅಂತಾಳ. ನಾ ಹೋಗಂಗಿಲ್ಲ."

ಅದಾದ ಮೇಲೆ ಯಾವ ಊರಿನಿಂದ ಕರು ಕೆಟ್ಟು ಹುಟ್ಟಿದೆ ಎಂದು ಕರೆ ಬಂದರೂ, ದೂರು ಯಾರ ಮೇಲೆ ಬಂದಿದೆ ಎಂದು ಮೊದಲು ಕೇಳಿಕೊಳ್ಳುತ್ತಿದ್ದೆ. ಕಟ್ಟೆಗೆ ಹೋಗುವ ಮುಂಚೆ ಅವರ ಮನೆಗೆ ಹೋಗಿ ಕೂರುತ್ತಿದ್ದೆ. ಊರು ಒಪ್ಪುತ್ತದೋ ಬಿಡುತ್ತದೋ, ಅವರಾದರೂ ತಮ್ಮನ್ನು ತಾವು ನಂಬಬೇಕು. ನೌಕರಿ ನನಗೆ ಕಲಿಸಿದ್ದು ಅದನ್ನು. ಕಮಲಾಬಾಯಿಯ ಮಗಳು ಗಂಡು ಹಡೆದಳಂತೆ, ಕೂಸು ಗಟ್ಟಿಮುಟ್ಟಾಗಿ ಬೆಳೆದಿದೆಯಂತೆ. ಅಜ್ಜಿ ಒಮ್ಮೆಯೂ ಅದನ್ನು ಎತ್ತಿಕೊಂಡಿಲ್ಲ.