ಬೆಳಕು ಯಾವ ಬಣ್ಣದ್ದಿತ್ತು

ಹಳದಿಯನ್ನು ಮೊದಲು ನೋಡಿದ್ದು ಯಾವ ದಿನ? ಮೂರನೆಯ ದಿನ ಎಂದು ಎಲ್ಲ ಡಾಕ್ಟರಿಗೂ ಹೇಳಿದ್ದೇನೆ. ನನ್ನ ಡೈರಿಯ ಆ ದಿನದ ಪುಟದಲ್ಲಿರುವುದು ಇಷ್ಟೇ: "ಅವ್ವ ಎರೆದಳು. ಕೂಸು ಹೊಳೆಯುತ್ತಿದೆ." ಅವ್ವ ಎಣ್ಣೆ, ಅರಿಷಿಣ ಹಚ್ಚಿ ನೀರೆರೆಯುತ್ತಿದ್ದಳು. ಹೊಳೆದದ್ದು ಅರಿಷಿಣವೋ ಕಾಮಾಲೆಯೋ, ಇಂದಿಗೂ ಗೊತ್ತಿಲ್ಲ.

ಚೊಚ್ಚಲ ಹೆರಿಗೆಗೆಂದು ಹುಕ್ಕೇರಿಯಿಂದ ತವರಿಗೆ ಬಂದಿದ್ದೆ. ಮೂಡಲಗಿ ತಾಲೂಕಿನ ಒಂದು ಹಳ್ಳಿ. ಊರಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಹೆರಿಗೆ ಅಲ್ಲೇ ಸಲೀಸಾಗಿ ಆಯಿತು. ಹೆಣ್ಣು ಕೂಸು.

ನಾಲ್ಕನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸಿನ ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ಬಿಟ್ಟಳು. ಬೆರಳು ತೆಗೆದ ಜಾಗವೂ ಹಳದಿ.

"ಯವ್ವಾ, ಇದು ನಿನ್ನ ಅರಿಷಿಣ ಅಲ್ಲ. ಕಾಮಣಿ ಆಗೇತಿ."

"ನಿನಗ ಎಲ್ಲಾದರಾಗೂ ಜಡ್ಡ ಕಾಣತೈತಿ," ಎಂದಳು ಅವ್ವ. ಆದರೂ ಒದ್ದೆ ಅರಿವೆಯಿಂದ ಕೂಸಿನ ಹೊಟ್ಟೆ ಒರೆಸಿದಳು.

ಅರಿವೆ ಹಳದಿಯಾಯಿತು. ಕೂಸು ಹಳದಿಯಾಗಿಯೇ ಉಳಿಯಿತು.

ಆಗಲೇ ಕೂಸನ್ನು ಎತ್ತಿಕೊಂಡು ಹೋದರೆ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಇರಲಿಲ್ಲ. ಅವರಿಗೆ ಇನ್ನೊಂದು ಊರಿನ ಕೇಂದ್ರದ ಕೆಲಸವನ್ನೂ ಹಚ್ಚಿದ್ದರು. ಸಿಸ್ಟರ್ ಒಬ್ಬರೇ. "ರಕ್ತಾ ತಪಾಸ ಮಾಡಾವ್ರ ಇಲ್ರಿ ಅಕ್ಕಾರ. ಫೋಟೋಥೆರಪಿ ಮಶೀನ ಐತಿ, ಅದರ ಬೆಳಕಿನಾಗ ಇಡೂನ್ರಿ. ಇಳೀತೈತಿ." ಯಂತ್ರದ ಹಣೆಯ ಮೇಲೆ ಅದು ಯಾವ ಅನುದಾನದಲ್ಲಿ ಬಂದದ್ದು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದರ ಉದ್ಘಾಟನೆಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಅಥವಾ ಇದ್ದೆ ಎಂದು ಈಗ ಅನ್ನಿಸುತ್ತಿದೆ.

ಸಿಸ್ಟರ್ ಕೂಸಿನ ಕಣ್ಣಿಗೆ ಅರಳೆಯ ಪಟ್ಟಿ ಕಟ್ಟಿ ಸ್ವಿಚ್ ಒತ್ತಿದರು. ಬೆಳಕು ಬಂತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಒಂದು ಫೋಟೋ ತೆಗೆದು ಗಂಡನಿಗೆ ಕಳಿಸಿದೆ.

ಒಂದೂವರೆ ದಿನ ಆ ಬೆಳಕಿನಲ್ಲಿ ಮಲಗಿಸಿದೆವು. ಎರಡನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ಅಳು ತೆಳ್ಳಗಾಯಿತು. "ನಿದ್ದಿ ಛಲೋ ಮಾಡಾಕತ್ತೈತಿ," ಎಂದಳು ಅವ್ವ. ನಾನೂ ಹಾಗೇ ನಂಬಿದೆ. ಎಂ.ಎ. ಓದಿದವಳು ನಾನು. ಹುಕ್ಕೇರಿಯಿಂದ ಬೈಕಿನಲ್ಲಿ ಬಂದ ಗಂಡ ಕೂಸಿನ ಅಂಗಾಲು ತಟ್ಟಿದ. ಅದು ಕಣ್ಣು ಬಿಡಲಿಲ್ಲ.

"ಏಳ, ಗೋಕಾಕಕ್ಕ ಹೋಗೂಣು."

ಬಾಜೂ ಮನೆಯವರ ಕಾರಿನಲ್ಲಿ ಹೋದೆವು. ಗೋಕಾಕದ ಮಕ್ಕಳ ಆಸ್ಪತ್ರೆಯ ಡಾಕ್ಟರ್ ವಯಸ್ಸಾದ ಹೆಂಗಸು. ಕಾಮಾಲೆ ಎಷ್ಟಿದೆ ಎಂದು ಹೇಳುವ ಬಿಲಿರುಬಿನ್ ರಿಪೋರ್ಟ್ ನೋಡಿ ಕನ್ನಡಕ ತೆಗೆದರು.

"ಫೋಟೋಥೆರಪಿ ಕೊಟ್ಟಿದ್ರಂದ್ರ ಇಷ್ಟ ಏರಬಾರದಿತ್ತು. ಬೆಳಕ ಯಾವ ಬಣ್ಣದ್ದಿತ್ತವಾ?"

"ನೀಲಿ," ಎಂದೆ.

ಸುಳ್ಳು ಹೇಳಲಿಲ್ಲ. ನನ್ನ ಕಣ್ಣ ಮುಂದೆ ನೀಲಿ ಬೆಳಕೇ ಇತ್ತು. ಫೋಟೋಥೆರಪಿಯ ಬೆಳಕು ನೀಲಿ ಎಂದು ಮೊಬೈಲಿನಲ್ಲಿ ಓದಿದ್ದನ್ನು ಮನಸ್ಸು ನೋಡಿದ್ದಾಗಿ ಮಾಡಿಕೊಂಡಿತ್ತು. ಗಂಡ ತನ್ನ ಫೋನು ತೆರೆದು, ನಾನೇ ಕಳಿಸಿದ್ದ ಫೋಟೋವನ್ನು ಡಾಕ್ಟರ ಮುಂದೆ ಹಿಡಿದ.

ಬಿಳಿ. ನಮ್ಮ ಅಡುಗೆಮನೆಯಲ್ಲಿರುವಂಥದೇ ಟ್ಯೂಬ್‌ಲೈಟು.

"ಇದರಿಂದ ಕಾಮಣಿ ಇಳಿಯೂದಿಲ್ಲವಾ," ಎಂದರು ಡಾಕ್ಟರ್. ಇನ್ನೂ ಏರಿದರೆ ಮಿದುಳಿಗೆ ಪೆಟ್ಟು, ಮೊದಲು ಕಿವಿ ಹೋಗಬಹುದು. ಸಂಜೆಯೊಳಗೆ ಇಳಿಯದಿದ್ದರೆ ಬೆಳಗಾವಿಗೆ ಒಯ್ದು ಮೈಯ ರಕ್ತವನ್ನೇ ಬದಲಿಸಬೇಕು. ಐದು ದಿನದ ಕೂಸಿನ ರಕ್ತ.

ಅಲ್ಲಿ ನಿಜವಾದ ನೀಲಿಯನ್ನು ನೋಡಿದೆ. ಕೂಸು, ಹಾಸಿಗೆ, ಒಳಗೆ ಚಾಚಿದ ನನ್ನ ಕೈ, ಎಲ್ಲ ನೀಲಿ. ಸಂಜೆಯ ರಿಪೋರ್ಟಿನಲ್ಲಿ ಸ್ವಲ್ಪ ಇಳಿದಿತ್ತು. ಮರುದಿನ ಇನ್ನಷ್ಟು. ಮೂರನೆಯ ದಿನ ಅವಳು ಮೊಲೆ ಹಿಡಿದಳು, ನೋವಾಗುವಷ್ಟು ಜೋರಾಗಿ.

ಮನೆಗೆ ಮರಳಿದ ಮೇಲೆ ನಾನು ಆರೋಗ್ಯ ಕೇಂದ್ರಕ್ಕೆ ಜಗಳ ಮಾಡಲೆಂದೇ ಹೋದೆ.

"ನೀಲಿ ಟ್ಯೂಬ್ ಸುಟ್ಟ ಭಾಳ ದಿನಾ ಆತ್ರಿ," ಎಂದರು ಸಿಸ್ಟರ್. "ಬರದ ಬರದ ಸಾಕಾತು. ಮಶೀನಿಗೆ ಅನುದಾನ ಐತಂತ, ಟ್ಯೂಬಿಗೆ ಇಲ್ಲಂತ. ಲೈಟಿನಾಂವ ಬಂದು ಅಂಗಡ್ಯಾಗಿನ್ವು ಹಾಕಿ ಹೋದಾ."

"ನಿಮಗ ಗೊತ್ತಿತ್ತಲ್ರಿ!"

"ಟ್ಯೂಬ್ ಅಂದ್ರ ಟ್ಯೂಬ್ ಅಂತ ತಿಳಕೊಂಡಿದ್ನ್ರಿ. ನಮಗ ಯಾರ ಹೇಳ್ಯಾರ?"

ಅವರು ದಾಸ್ತಾನು ಪುಸ್ತಕ ತೆರೆದು ತೋರಿಸಿದರು. ಯಂತ್ರದ ಹೆಸರಿನ ಮುಂದೆ ಬರೆದಿತ್ತು: ಚಾಲ್ತಿಯಲ್ಲಿದೆ. ಸ್ವಿಚ್ ಒತ್ತಿದರೆ ಹತ್ತುತ್ತದಲ್ಲ!

ಆ ಹೆಂಗಸಿನ ಜೊತೆ ಏನು ಜಗಳ? ಯಂತ್ರ ಕೊಳ್ಳಲು ಸರಕಾರದ ಹತ್ತಿರ ದುಡ್ಡಿತ್ತು. ಪೆಂಡಾಲಿಗೆ, ಶಾಲು-ಹಾರಕ್ಕೆ, ಹಣೆಬರಹದ ಪೇಂಟಿಗೆ ಇತ್ತು. ಟ್ಯೂಬಿಗೆ ಇಲ್ಲ, ರಕ್ತ ಪರೀಕ್ಷೆ ಮಾಡುವವನ ಪಗಾರಕ್ಕೆ ಇಲ್ಲ, ಯಾವ ಬೆಳಕು ಯಾಕೆ ಎಂದು ಸಿಸ್ಟರಿಗೆ ಅರ್ಧ ದಿನ ಕೂರಿಸಿ ಹೇಳಿಕೊಡಲೂ ಇಲ್ಲ. ಯಂತ್ರವೇ ಇಲ್ಲದಿದ್ದರೆ ನಾವು ಮೊದಲ ದಿನವೇ ಗೋಕಾಕಕ್ಕೆ ಹೋಗುತ್ತಿದ್ದೆವು. ಅದು ಇತ್ತು, ಹತ್ತಿತು, ನಮ್ಮನ್ನು ಒಂದೂವರೆ ದಿನ ಹಿಡಿದು ಕೂರಿಸಿತು. ಸಿಟ್ಟಿನ ಒಂದು ಪಾಲು ನನ್ನ ಮೇಲೂ ಇದೆ: ಬಿಳಿಯನ್ನು ಒಂದೂವರೆ ದಿನ ನೋಡುತ್ತ ಕೂತವಳು ನಾನೇ.

"ಎರಡ ಟ್ಯೂಬ್ ನಾವ ತಂದ ಕೊಡೂಣು, ಮುಗದ ಹೋಗ್ಲಿ," ಎಂದ ಗಂಡ.

"ಆಮ್ಯಾಲ ಅದರ ಮ್ಯಾಲ ನಿಮ್ಮ ಹೆಸರ ಬರೀತಾರ. ಚಪ್ಪಾಳಿ ನಾನ ಹೊಡೀಲೇನ್ರಿ?"

ತಾಲೂಕಿಗೆ ಅರ್ಜಿ ಕೊಟ್ಟೆ. ಜಿಲ್ಲೆಗೂ ಕೊಟ್ಟೆ. ಸ್ವೀಕೃತಿಯ ಮೊಹರು ಸಿಕ್ಕಿತು, ಉತ್ತರ ಸಿಗಲಿಲ್ಲ.

ಗೋಕಾಕದ ಡಾಕ್ಟರು ಕಿವಿಯ ಮೊದಲ ಪರೀಕ್ಷೆ ಮಾಡಿಸಿ, ಸದ್ಯಕ್ಕೆ ಸರಿ ಇದೆ, ಆರು ತಿಂಗಳಿಗೆ ಮತ್ತೊಮ್ಮೆ ಬನ್ನಿ ಎಂದಿದ್ದಾರೆ. ಆ ಡಾಕ್ಟರಿಗೆ ನಾನು ಋಣಿ. ಮೂಗು ಒತ್ತಿ ನೋಡಿದ ಆಶಾ ಕಾರ್ಯಕರ್ತೆಗೂ. ಅವ್ವ ಅರಿಷಿಣದ ಬಟ್ಟಲನ್ನು ತಾನಾಗಿಯೇ ಮೇಲಿನ ಗೂಡಿಗೆ ಏರಿಸಿದ್ದಾಳೆ. ನಾವು ಯಾರೂ ಹೇಳಿರಲಿಲ್ಲ.

ಒಂದೂವರೆ ತಿಂಗಳ ಲಸಿಕೆಗೆ ನಾನೂ ಅವ್ವನೂ ಕೂಸನ್ನು ಎತ್ತಿಕೊಂಡು ಮತ್ತೆ ಅದೇ ಕೇಂದ್ರಕ್ಕೆ ಹೋದೆವು. ಯಂತ್ರದಲ್ಲಿ ಅದೇ ಬಿಳಿ ಟ್ಯೂಬು. ನಾನು ಮನೆಯಿಂದಲೇ ಹಾಳೆಯ ಮೇಲೆ ಬರೆದು ಒಯ್ದಿದ್ದೆ: "ಈ ಬೆಳಕು ನೀಲಿ ಅಲ್ಲ. ಹಳದಿಯಾದ ಕೂಸನ್ನು ಇಲ್ಲಿ ಮಲಗಿಸಬೇಡಿ. ಗೋಕಾಕಕ್ಕೆ ಹೋಗಿ."

ಸಿಸ್ಟರ್ ಓದಿದರು. "ಸಾಹೇಬ್ರ ಬಂದ್ರ ಕೀಳಸ್ತಾರ್ರಿ."

"ಕಿತ್ರ ಮತ್ತ ಬರೀತೇನಿ."

ಅವರು ಹಾಳೆಯನ್ನು ಇನ್ನೊಮ್ಮೆ ಓದಿದರು. "ಲಗೂನ ಹೋಗ್ರಿ ಅಂತ ಸೇರಸ್ರಿ ಅಕ್ಕಾರ," ಎಂದು ತಮ್ಮ ಪೆನ್ನನ್ನೇ ಕೊಟ್ಟರು. ಕೊನೆಯಲ್ಲಿ "ಬೇಗ ಹೋಗಿ" ಎಂದು ಸೇರಿಸಿದೆ. ಅನುದಾನದ ಹೆಸರಿನ ಮೇಲೇ ಹಾಳೆ ಹಿಡಿದೆ. ಹಚ್ಚಲು ಅವರು ಬ್ಯಾಂಡೇಜಿನ ಅಂಟುಪಟ್ಟಿಯನ್ನು ಚರ್ರೆಂದು ಹರಿದರು.

ಅವ್ವನ ತೊಡೆಯ ಮೇಲೆ ಮಲಗಿದ್ದ ಕೂಸು ಆ ಸದ್ದಿಗೆ ಬೆಚ್ಚಿಬಿದ್ದು ಅಳತೊಡಗಿತು.

ಅವಳಿಗೆ ಕೇಳಿಸಿತ್ತು. ಅವ್ವ, ಸಿಸ್ಟರ್, ನಾನು, ಮೂವರೂ ಆ ಅಳುವನ್ನು ಕೇಳಿದೆವು. ಸಮಾಧಾನ ಮಾಡಲು ಯಾರೂ ಅವಸರ ಮಾಡಲಿಲ್ಲ. ಇದನ್ನು ಮಾತ್ರ ಅಂದೇ, ಮನೆ ಮುಟ್ಟಿದ ಕೂಡಲೇ ಬರೆದಿಟ್ಟಿದ್ದೇನೆ.