ಇಳಿಸದ ದೀಪ

ಚಿಕ್ಕಪ್ಪನ ದೋಣಿ ದೀಪದ ನೇರಕ್ಕೆ ತಿರುಗಿದ್ದು ಸಂಜೆ ಆರು ಐವತ್ತಕ್ಕೆ. ಹೊಸ ದೀಪದ ಬೆಳಕಿಗೆ ಅವರು ಬರುವುದನ್ನು ವಿಡಿಯೊ ಮಾಡಲೆಂದು ಫೋನ್ ಹಿಡಿದು ದಡದಲ್ಲಿ ನಿಂತಿದ್ದೆ. ಹಾಗಾಗಿ ಗಂಟೆ ನೆನಪಿದೆ.

ನಮ್ಮದು ಸಾಗರದ ಕಡೆಯ ಶರಾವತಿ ಹಿನ್ನೀರಿನ ನಡುಗಡ್ಡೆ. ಅಣೆಕಟ್ಟು ತುಂಬುವ ಮೊದಲು ಅದು ಬರೀ ಗುಡ್ಡದ ನೆತ್ತಿ. ನೀರು ಸುತ್ತುವರಿದ ವರ್ಷ ಅಜ್ಜ ದಡದಲ್ಲಿ ಗೂಟ ನೆಟ್ಟು ಲಾಟೀನು ತೂಗುಹಾಕಿದರಂತೆ. ಮುಳುಗಿದ ಕಾಡು ಇನ್ನೂ ಕೊಳೆಯದೆ ನೀರಿನೊಳಗೇ ನಿಂತಿದೆ. ಚಳಿಗಾಲ ಕಳೆದು ನೀರು ಇಳಿದಂತೆ ಮತ್ತಿ, ಹೊನ್ನೆ ಮರಗಳ ಬೊಡ್ಡೆಗಳು ಮೇಲೇಳುತ್ತವೆ. ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆ ಹರಡಿ ಕೂರುತ್ತವೆ. ಕಾಣುವ ಬೊಡ್ಡೆಗಳಿಂದ ಅಪಾಯವಿಲ್ಲ, ಅಪಾಯವಿರುವುದು ಗೇಣುದ್ದ ನೀರಿನಡಿ ಅಡಗಿರುವವುಗಳಿಂದ. ಅದಕ್ಕೇ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬೊಡ್ಡೆಯಿಲ್ಲದ ದಾರಿ ನೋಡಿ, ಗೂಟ ಕಿತ್ತು, ಆ ದಾರಿಯ ನೇರಕ್ಕೆ ಕೆಳಗೆ ನೆಡಬೇಕು. ದೀಪ ಇಳಿಸುವುದು ಎಂದರೆ ಇದೇ. ದೀಪ ನೋಡಿಕೊಂಡು ನೇರ ಬಂದರೆ ದೋಣಿಗೆ ಏನೂ ತಾಗದು.

ಆ ತಿಂಗಳು ಚಿಕ್ಕಪ್ಪ ಹೊಸನಗರದಲ್ಲಿ ಮಗಳ ಮನೆಯಲ್ಲಿದ್ದರು. ದೀಪ ನನ್ನ ಪಾಲಿಗೆ ಬಂತು. ನಾನು ಸೋಲಾರ್ ದೀಪ ತರಿಸಿ, ಕಬ್ಬಿಣದ ಕಂಬಕ್ಕೆ ಹಾಕಿ, ಮೇಲಿನ ದಡದಲ್ಲಿ ಸಿಮೆಂಟ್ ಹಾಕಿ ಕೂರಿಸಿದೆ. ಇಷ್ಟು ಬೆಳಕಿದ್ದರೆ ಇಳಿಸುವ ತಾಪತ್ರಯ ಯಾಕೆ ಎಂದುಕೊಂಡೆ.

ಹೊರಡುವ ದಿನ ಚಿಕ್ಕಪ್ಪ ಫೋನ್ ಮಾಡಿದರು. "ನೀರು ಇಳಿದಿರ್ಬೇಕಲ್ಲೇ. ದೀಪ ಇಳ್ಸಿದ್ಯಾ? ಇಲ್ಲಾ ಡಿಗ್ರಿ ಮಾಡಿದ್ ಕೈಗೆ ಗೂಟ ಭಾರ ಆಯ್ತಾ?"

"ಎಲ್ಲಾ ಸರಿ ಮಾಡಿದೀನಿ ಚಿಕ್ಕಪ್ಪ. ಈ ಸಲ ದೀಪ ನೋಡಿ ನೀವೇ ಬೆರಗಾಗ್ತೀರಿ."

"ಹಂಗಾರೆ ಕಣ್ಮುಚ್ಕಂಡ್ ಬರ್ತೀನಿ ಬಿಡು."

ನನ್ನ ಮಾತು ನಂಬಿಯೇ ಬಂದರು. ದೋಣಿ ಒಮ್ಮೆ ತಡೆದು ನಿಂತಂತಾಗಿ ಮಗುಚಿತು. ಚಿಕ್ಕಪ್ಪ ಚೆನ್ನಾಗಿ ಈಜುತ್ತಿದ್ದರು. ತಲೆ ಮೇಲೆ ಬರುತ್ತದೆಂದು ಕಾದೆ. ಕೂಗಿದೆ. ನಾನು ಹಾಕಿದ ಬೆಳಕಿನಲ್ಲಿ ಹುಟ್ಟು ಒಂದೇ ತೇಲುತ್ತಿತ್ತು. ಮರುದಿನ ಬೆಳಿಗ್ಗೆ ಬೊಡ್ಡೆಗಳ ನಡುವೆ ಸಿಕ್ಕರು.

ಫೋನಿನಲ್ಲಿ ಆಡಿದ ಮಾತನ್ನು ಚಿಕ್ಕಮ್ಮನಿಗೆ ಹೇಳಲು ನನಗೆ ಇಡೀ ಮಳೆಗಾಲ ಬೇಕಾಯಿತು. ಅಷ್ಟೂ ದಿನ ಕಣ್ಣು ಮುಚ್ಚಿದರೆ ದೋಣಿ ತಿರುಗುತ್ತಿತ್ತು. ಕೊನೆಗೆ ಹೇಳಿದೆ. ಅವರು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಕಂಬ ನಂಗೂ ದಿನಾ ಕಾಣ್ತಿತ್ತು," ಎಂದರು. "ಬೆಳಕು ಚೆನ್ನಾಗಿದ್ಯಲ್ಲ ಅಂತ ಸುಮ್ನಿದ್ದೆ ಕಣೇ."

ನೀರು ಮತ್ತೆ ಇಳಿಯತೊಡಗಿದಾಗ ಹಾರೆ ತಂದವರು ಅವರೇ. ಸಿಮೆಂಟ್ ಒಡೆದು ಕಂಬ ಕಿತ್ತೆವು. ನಾನು ದೋಣಿಯಲ್ಲಿ ಕೋಲು ಚುಚ್ಚಿ ದಾರಿ ನೋಡಿದೆ, ಅವರು ಗೂಟ ಹಿಡಿದು ಕೆಸರಿನಲ್ಲಿ ನಿಂತರು. ಗೂಟ ನೆಟ್ಟು ಹಳೆಯ ಲಾಟೀನು ತೂಗುಹಾಕಿದೆವು. ಮುಸ್ಸಂಜೆ ಪಕ್ಕದ ಮನೆಯವರ ದೋಣಿ ಆ ಸಣ್ಣ ಬೆಳಕಿನ ನೇರಕ್ಕೆ ಬಂದು ದಡ ಮುಟ್ಟಿತು. ಎಲ್ಲರೂ ಇಳಿದ ಮೇಲೂ ಚಿಕ್ಕಮ್ಮ ಖಾಲಿ ದೋಣಿಯನ್ನೇ ನೋಡುತ್ತಿದ್ದರು.

ಆ ರಾತ್ರಿ ನಾನು ಬೆಳಗಾಗುವವರೆಗೆ ಒಮ್ಮೆಯೂ ಎಚ್ಚರವಾಗದೆ ಮಲಗಿದೆ.